ಕತ್ತರಿಸಿದ ಬೆರಳು, ಕಾಸಿದ ಹಲಗಿ

ಯಡ್ರಾಮಿಯಿಂದ ನಮ್ಮೂರಿಗೆ ಹೋಗುವ ಟಂಟಂನಲ್ಲಿ ಕೂತು, ಕಿವಿಗೆ ವೈರು ಸಿಕ್ಕಿಸಿಕೊಂಡು, ನಾನು ಬೆಂಗಳೂರಿನ ‘ಕ್ರಿಪ್ಟೋಸ್’ ಎಂಬ ತಂಡದ ‘ಡೆಸಿಮೇಟರ್’ ಕೇಳುತ್ತಿದ್ದೆ. 2024ರಲ್ಲಿ ಬಂದ ಆಲ್ಬಮ್ ಅದು, ಆ ತಂಡದ ಏಳನೆಯದು. ಕಲಬುರಗಿಯ ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ಹಚ್ಚಿದ ಚಟ. ಮನೆ ಮುಟ್ಟಿದ ಮೇಲೆ ಮುತ್ಯಾ ಕೇಳಿದ: ‘ಏನೋ ತಮ್ಮಾ, ಒಬ್ಬನೇ ತಲಿ ಅಳ್ಳಾಡಸ್ಕೋತ ಬಂದಿ? ನಂಗೂ ಕೇಳ್ಸು.’ ವೈರು ತೆಗೆದು ಜೋರು ಮಾಡಿ ಇಟ್ಟೆ. ಮುತ್ಯಾ ಸ್ವಲ್ಪ ಹೊತ್ತು ಕೇಳಿದ. ‘ಇದು ಪದಾನೋ ಜಗಳಾನೋ?’ ಎಂದ. ಆಮೇಲೆ ಬೆರಳಿನಿಂದ ಹೊರಸಿನ ಪಟ್ಟಿಯ ಮೇಲೆ ಬಡಿಯತೊಡಗಿದ. ‘ಹೊಡ್ತ ಮಾತ್ರ ಖರೇ ಅದ ನೋಡು’ ಎಂದ.

ನಮ್ಮ ಮುತ್ಯಾ ಐವತ್ತು ವರ್ಷ ಊರ ಹಲಗಿ ಬಾರಿಸಿದವನು. ಹೊಡೆತದ ಖರೆ-ಖೊಟ್ಟಿ ಅವನಿಗೆ ತಿಳಿಯುತ್ತದೆ. ಆದರೆ ಅವನು ಮುಂದೆ ಕೇಳಿದ ಪ್ರಶ್ನೆಗೆ ನನ್ನ ಎಂ.ಎ. ಓದಿನಲ್ಲಿ ಉತ್ತರ ಇರಲಿಲ್ಲ. ‘ಇವರಿಗಿ ಯಾರು ಹೇಳಿ ಕಳಸ್ತಾರ?’

ಯಾರೂ ಹೇಳಿ ಕಳಿಸುವುದಿಲ್ಲ, ಅವರಿಗೆ ಮನಸ್ಸಾದಾಗ ಬಾರಿಸುತ್ತಾರೆ, ಜನ ರೊಕ್ಕ ಕೊಟ್ಟು ಕೇಳಲು ಬರುತ್ತಾರೆ ಎಂದೆ. ಮುತ್ಯಾ ನಂಬಲಿಲ್ಲ. ‘ಯಾರೂ ಹೇಳಿ ಕಳಸ್ದೆ ಇಷ್ಟ್ ಜೋರ್ ಬಾರಸ್ತಾರ?’ ಎಂದು ಮತ್ತೆ ಕೇಳಿದ. ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು. ಜೋರಾಗಿ ಸದ್ದು ಮಾಡುವ ಹಕ್ಕು ಯಾರದು? ಗದ್ದಲಕ್ಕೂ ಒಂದು ಚರಿತ್ರೆ ಇದೆ, ಗೆಳೆಯರೇ. ಅದನ್ನು ನಾವು ಕೇರಿಯ ಕಡೆಯಿಂದ ನಿಂತು ಓದಬೇಕಾಗಿದೆ.

ಮೆಟಲ್ ಎಂದು ಕರೆಯುವ ಈ ಸಂಗೀತ ಶ್ರೀಮಂತರ ಅರಮನೆಯಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ಹಾಳಾದ ಊರು. ಅಲ್ಲಿಯ ಆಸ್ಟನ್ ಎಂಬ ಕೂಲಿಕಾರರ ಬಡಾವಣೆಯ ನಾಲ್ಕು ಹುಡುಗರು 1968ರಲ್ಲಿ ಒಂದು ತಂಡ ಕಟ್ಟಿದರು. ಮುಂದೆ ಅದಕ್ಕೆ ‘ಬ್ಲ್ಯಾಕ್ ಸಬ್ಬತ್’ ಎಂಬ ಹೆಸರಾಯಿತು. ಹಾಡುಗಾರ ಓಜಿ ಆಸ್ಬರ್ನ್ ಅದಕ್ಕೆ ಮೊದಲು ಕಸಾಯಿಖಾನೆಯಲ್ಲಿ ದುಡಿದವನು. ಸತ್ತ ದನದ ವಾಸನೆ ಏನೆಂದು ನಮ್ಮ ಕೇರಿಯ ಹಿರಿಯರಿಗೆ ಗೊತ್ತಿದ್ದಂತೆ ಅವನಿಗೂ ಗೊತ್ತಿತ್ತು. ಗಿಟಾರ್ ಬಾರಿಸುವ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಕೂಲಿ. 17ನೆಯ ವಯಸ್ಸಿನಲ್ಲಿ, ಆ ಕೆಲಸದ ಕೊನೆಯ ದಿನ, ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರ ಕತ್ತರಿಸಿಬಿಟ್ಟಿತು. ಅವನು ಎಡಚ, ತಂತಿ ಒತ್ತುವ ಕೈಯೇ ಬಲಗೈ. ಅಂದರೆ ಅವನ ವಾದ್ಯವೇ ಹೋದಂತಾಯಿತು.

ಆಗ ಆ ಕಾರ್ಖಾನೆಯ ಮೇಲ್ವಿಚಾರಕ ಅವನಿಗೆ ಜ್ಯಾಂಗೋ ರೈನ್‌ಹಾರ್ಟ್ ಎಂಬವನ ರೆಕಾರ್ಡು ಕೇಳಿಸಿದ. ಈ ಜ್ಯಾಂಗೋ ರೋಮಾ ಜನಾಂಗದವನು. 1928ರಲ್ಲಿ ಅವನು ವಾಸಿಸುತ್ತಿದ್ದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸೆಟೆದುಹೋದವು. ಉಳಿದ ಎರಡೇ ಬೆರಳಿನಲ್ಲಿ ಅವನು ಯುರೋಪೇ ಬೆರಗಾಗುವಂತೆ ಬಾರಿಸಿದ. ಈ ರೋಮಾ ಜನ ಯಾರು? ಸಾವಿರ ವರ್ಷದ ಹಿಂದೆ ನಮ್ಮ ಉತ್ತರ ಭಾರತದ ಕಡೆಯಿಂದ ಹೊರಟುಹೋದವರು. ಅವರ ಮಾತಿನಲ್ಲಿ ಇವತ್ತಿಗೂ ಹಿಂದಿಗೆ ಹತ್ತಿರವಾದ ಶಬ್ದಗಳಿವೆ. ಯುರೋಪಿನ ಊರುಗಳು ಅವರನ್ನು ಊರ ಹೊರಗೇ ಇಟ್ಟವು. ಹಿಟ್ಲರನ ಕಾಲದಲ್ಲಿ ಅವರನ್ನು ಲಕ್ಷಗಟ್ಟಲೆ ಕೊಂದರು. ಅಂಥ ಹೊರಗಿನವನ ಸುಟ್ಟ ಬೆರಳು ಒಬ್ಬ ಕೂಲಿಕಾರನ ಕತ್ತರಿಸಿದ ಬೆರಳಿಗೆ ಧೈರ್ಯ ಹೇಳಿತು.

ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ನೋಯಬಾರದೆಂದು ತೆಳು ತಂತಿ ಕಟ್ಟಿದ. 1971ರ ಮೂರನೆಯ ಆಲ್ಬಮ್ಮಿನ ಹೊತ್ತಿಗೆ ತಂತಿಗಳನ್ನು ಸಡಿಲಿಸಿ ಮೂರು ಅರೆಸ್ವರ ಕೆಳಗಿಳಿಸಿದ. ಸಡಿಲಾದ ತಂತಿಯಿಂದ ದಪ್ಪಗೆ, ಭಾರವಾಗಿ, ನೆಲದೊಳಗಿಂದ ಎದ್ದು ಬಂದಂಥ ಸದ್ದು ಹೊರಟಿತು. ಇವತ್ತು ಜಗತ್ತಿನ ಎಲ್ಲ ಮೆಟಲ್ ತಂಡಗಳೂ ಆ ಭಾರದ ಮೇಲೆಯೇ ನಿಂತಿವೆ. 1970ರ ಫೆಬ್ರವರಿ 13ರಂದು ಅವರ ಮೊದಲ ಆಲ್ಬಮ್ ಬಂತು. ಪಂಡಿತ ವಿಮರ್ಶಕರು ಇದು ಸಂಗೀತವೇ ಅಲ್ಲ ಎಂದರು. ನಮ್ಮ ಕಾವ್ಯಕ್ಕೂ ಅದೇ ದಶಕದಲ್ಲಿ ಇದು ಕಾವ್ಯವೇ ಅಲ್ಲ ಎಂದರಲ್ಲವೇ? ಓಜಿ 2025ರ ಜುಲೈ 5ರಂದು ತನ್ನ ಊರು ಬರ್ಮಿಂಗ್‌ಹ್ಯಾಮಿನಲ್ಲಿಯೇ ಕೊನೆಯ ಸಲ ಹಾಡಿ, ಅದೇ ತಿಂಗಳ 22ರಂದು ತೀರಿಕೊಂಡ.

ಮುಂದಿನ ಕಥೆಯೂ ಹೀಗೆಯೇ. 1980ರ ದಶಕದಲ್ಲಿ ಅಮೆರಿಕದ ಹುಡುಗರು ಇದಕ್ಕೆ ವೇಗ ಕೊಟ್ಟು ‘ಥ್ರ್ಯಾಶ್’ ಮಾಡಿದರು. 1983ರಲ್ಲಿ ಮೆಟಾಲಿಕಾದ ಮೊದಲ ಆಲ್ಬಮ್ ಬಂತು. ಅಂಗೈ ಅಂಚನ್ನು ತಂತಿಗೆ ಒತ್ತಿ ಕಡಿದಂತೆ ಬಾರಿಸುವುದು, ಎರಡೂ ಕಾಲಿನಿಂದ ದೊಡ್ಡ ಡ್ರಮ್ ತುಳಿಯುವುದು ಅದರ ಪದ್ಧತಿ. ಆ ದಶಕದ ನಡುವಿನಿಂದ ಗಂಟಲಿನ ಆಳದಿಂದ ಗುರುಗುಟ್ಟುವ ‘ಡೆತ್ ಮೆಟಲ್’ ಬೆಳೆಯಿತು. ಜರ್ಮನಿಯಲ್ಲಿ ಥ್ರ್ಯಾಶ್ ಗಟ್ಟಿಯಾದದ್ದು ಕಲ್ಲಿದ್ದಲಿನ ರೂರ್ ಪ್ರದೇಶದಲ್ಲಿ. ‘ಸೋಡಮ್’ ತಂಡದ ಟಾಮ್ ಏಂಜಲ್‌ರಿಪ್ಪರ್ ಕಲ್ಲಿದ್ದಲ ಗಣಿಯಲ್ಲಿ ಇಳಿದು ದುಡಿದವನು. ಆ ಪ್ರದೇಶದ ಕೊನೆಯ ಗಣಿ 2018ರ ಡಿಸೆಂಬರಿನಲ್ಲಿ ಮುಚ್ಚಿತು, ಅವನ ತಂಡ ಮಾತ್ರ ಅದರ ನಂತರವೂ ಬಾರಿಸಿತು. 2025ರಲ್ಲಿಯೂ ಒಂದು ಆಲ್ಬಮ್ ತಂದಿದೆ. ಶಹಾಬಾದಿನ ಕಲ್ಲು ಗಣಿಯ, ವಾಡಿ ಸಿಮೆಂಟಿನ ಧೂಳು ಕುಡಿದ ನಮ್ಮ ಜಿಲ್ಲೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಬ್ರೆಜಿಲ್ ದೇಶದಲ್ಲಿ 1964ರಿಂದ 1985ರವರೆಗೆ ಸೈನ್ಯದ ಆಳ್ವಿಕೆ. ಅದರ ಕೊನೆಗಾಲದಲ್ಲಿ, 1984ರಲ್ಲಿ, ಬೆಲೊ ಹೊರಿಜಾಂಟಿ ಎಂಬ ಊರಿನ ಹುಡುಗರು ‘ಸೆಪುಲ್ತುರಾ’ ತಂಡ ಕಟ್ಟಿದರು. ಥ್ರ್ಯಾಶ್ ಮತ್ತು ಡೆತ್ ಎರಡನ್ನೂ ಕಲೆಸಿ ಬಾರಿಸಿದರು. 1996ರ ‘ರೂಟ್ಸ್’ ಆಲ್ಬಮ್ಮಿಗಾಗಿ ಅವರು ಶವಾಂತೆ ಎಂಬ ಆದಿವಾಸಿಗಳ ಹಳ್ಳಿಗೆ ಹೋಗಿ ಅವರೊಂದಿಗೆ ಕೂತು ಧ್ವನಿಮುದ್ರಣ ಮಾಡಿದರು. ಬೇರು ಎಲ್ಲಿದೆ ಎಂದು ಹುಡುಕಿದಾಗ ಅವರಿಗೆ ಸಿಕ್ಕದ್ದು ತಮ್ಮ ನೆಲದ ಡೋಲು.

ಇನ್ನೂ ಹಿಂದಕ್ಕೆ ಹೋಗೋಣ. ಬ್ಲ್ಯಾಕ್ ಸಬ್ಬತ್ತಿನ ಹುಡುಗರು ಮೊದಲು ಬಾರಿಸುತ್ತಿದ್ದದ್ದು ಬ್ಲೂಸ್. ಅದು ಅಮೆರಿಕದ ಕರಿಯರ ಸಂಗೀತ, ಗುಲಾಮರ ಮೊಮ್ಮಕ್ಕಳ ಸಂಗೀತ. ಆ ಗುಲಾಮರಿಗೆ ಡೋಲು ಹಿಡಿಯುವ ಸ್ವಾತಂತ್ರ್ಯವೂ ಇರಲಿಲ್ಲ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೋ ನದಿಯ ಹತ್ತಿರ ಗುಲಾಮರು ಬಂಡೆದ್ದು ಡೋಲು ಬಾರಿಸುತ್ತ ನಡೆದರು. ಅವರನ್ನು ಕೊಂದು ದಂಗೆ ಅಡಗಿಸಿದ ಮೇಲೆ 1740ರಲ್ಲಿ ಬಿಳಿಯರು ಕಾನೂನು ತಂದು ಗುಲಾಮರ ಡೋಲನ್ನೇ ನಿಷೇಧಿಸಿದರು. ದೂರದವರನ್ನು ಕೂಡಿಸುವ ಶಕ್ತಿ ಡೋಲಿಗೆ ಇದೆ ಎಂದು ಅವರಿಗೆ ಹೆದರಿಕೆ.

ಇಲ್ಲಿ ನಿಂತು ನಮ್ಮ ಕಡೆ ತಿರುಗಿ ನೋಡಬೇಕು. ಅಲ್ಲಿಯ ಒಡೆಯ ಡೋಲು ಬಾರಿಸಬ್ಯಾಡ ಅಂದ. ಇಲ್ಲಿಯ ಒಡೆಯ ಬಾರಿಸಲೇಬೇಕು ಅಂದ. ಎರಡೂ ಒಂದೇ ಗುಲಾಮಗಿರಿ. ಇಲ್ಲಿಯ ವ್ಯವಸ್ಥೆ ಹೆಚ್ಚು ಜಾಣತನದ್ದು, ಅಷ್ಟೇ. ಹಲಗಿಯನ್ನು ನಿಷೇಧಿಸಲಿಲ್ಲ, ಅದನ್ನು ಜಾತಿಗೆ ಗಂಟು ಹಾಕಿತು. ಸತ್ತ ದನ ಎಳೆದು ಚರ್ಮ ಸುಲಿಯುವವರು ನಾವು, ಅದನ್ನು ಹದ ಮಾಡಿ ಬಳೆಗೆ ಬಿಗಿಯುವವರು ನಾವು, ಹುಲ್ಲಿನ ಬೆಂಕಿಗೆ ಹಿಡಿದು ಕಾಸುವವರು ನಾವು. ಕಾಸಿದಾಗ ಚರ್ಮ ಬಿಗಿಯಾಗಿ ಟಣ್ಣೆಂದು ಮಾತಾಡುತ್ತದೆ. ಯಾವಾಗ ಮಾತಾಡಬೇಕು ಎನ್ನುವುದು ಮಾತ್ರ ಊರಿನವರ ಅಪ್ಪಣೆ. ಜಾತ್ರೆಗೆ ಬಾರಿಸು, ಆದರೆ ಗುಡಿಯೊಳಗೆ ಬರಬೇಡ. ಮದುವೆಗೆ ಬಾರಿಸು, ಆದರೆ ಪಂಕ್ತಿಯಲ್ಲಿ ಕೂರಬೇಡ. ಹೆಣದ ಮುಂದೆ ಬಾರಿಸು. ಡಂಗುರ ಸಾರು. ಇದಕ್ಕೆ ಕೂಲಿ ಇಲ್ಲ, ಸುಗ್ಗಿಯಲ್ಲಿ ಕಣದ ಮೂಲೆಗೆ ನಿಂತರೆ ಕೊಡುವ ಆಯ. ಊರೇ ಕೇಳುವಂತೆ ಸದ್ದು ಮಾಡುವ ಮನುಷ್ಯನಿಗೆ ಊರೊಳಗೆ ದನಿ ಇರಲಿಲ್ಲ.

ನಮ್ಮ ಈ ಸೀಮೆ ನಿಜಾಮನ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ವೆಟ್ಟಿಚಾಕರಿ ಎಂಬ ಶಬ್ದ ಆ ರಾಜ್ಯದ ಹಳ್ಳಿಗಳ ಬೆನ್ನ ಮೇಲೆ ಬರೆದದ್ದು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಇಳಿದ. 1950ರ ಸಂವಿಧಾನದಲ್ಲಿ ಬಾಬಾಸಾಹೇಬರು ಮತ್ತು ಅವರ ಜೊತೆಗಾರರು 23ನೆಯ ವಿಧಿ ಬರೆದು ಬಿಟ್ಟಿದುಡಿಮೆಯನ್ನು ನಿಷೇಧಿಸಿದರು. 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು. 1989ರ ದೌರ್ಜನ್ಯ ತಡೆ ಕಾಯ್ದೆ ಪರಿಶಿಷ್ಟರಿಂದ ಬಿಟ್ಟಿ ಮಾಡಿಸುವುದನ್ನು ಅಪರಾಧ ಎಂದಿತು. ಜೇವರ್ಗಿ ತಾಲೂಕಿನ ಹೋಬಳಿಯಾಗಿದ್ದ ಯಡ್ರಾಮಿ ಈಗ ತಾನೇ ಒಂದು ತಾಲೂಕು. ಕಾಗದದ ಮೇಲೆ ಎಲ್ಲವೂ ಬದಲಾಯಿತು. ಆದರೆ ನಾನು ಎಂಟನೆಯ ಇಯತ್ತೆ ಓದುವಾಗಲೂ ನಡುರಾತ್ರಿ ಬಾಗಿಲ ಮುಂದೆ ಬಂದು ‘ಏ, ದೊಡ್ಡ ಮನಿಯಾಗ ಮಂದಿ ಸತ್ತಾರ, ಹಲಗಿ ತೊಗೊಂಡ್ ಬಾ’ ಎಂದು ಕೂಗುತ್ತಿದ್ದರು. ಮುತ್ಯಾನಿಗೆ ಜ್ವರ ಇದ್ದ ರಾತ್ರಿಯೂ ಕೂಗಿದ್ದರು. ಅವನು ಎದ್ದು ಹೋದ. ನಾನು ಕೌದಿಯೊಳಗೆ ಮುಖ ಮುಚ್ಚಿಕೊಂಡು ಕಿವಿಗೆ ಬೆರಳು ಇಟ್ಟುಕೊಂಡೆ. ಅವತ್ತು ನನಗೆ ಊರ ಮೇಲೆ ಸಿಟ್ಟು ಬರಲಿಲ್ಲ, ಹಲಗಿಯ ಮೇಲೆ ಬಂತು. ಹುಡುಗನ ತಪ್ಪು ಲೆಕ್ಕ ಅದು.

ಈ ಬಿಟ್ಟಿಯ ವಿರುದ್ಧ ನಮ್ಮ ಹಿರಿಯರು ಸುಮ್ಮನೆ ಕೂತಿರಲಿಲ್ಲ. 1968ರಲ್ಲಿ ಬಿ. ಶ್ಯಾಮಸುಂದರ್ ಅವರು ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. 1970ರ ದಶಕದ ನಡುವಿನಲ್ಲಿ ಭದ್ರಾವತಿಯ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಸತ್ತ ದನ ಎಳೆಯುವುದಿಲ್ಲ, ಬಿಟ್ಟಿ ಹಲಗಿ ಬಾರಿಸುವುದಿಲ್ಲ ಎಂಬ ಮಾತು ಕೇರಿಯಿಂದ ಕೇರಿಗೆ ಹೋಯಿತು. ಬಾರಿಸುವುದಿಲ್ಲ ಎಂದವರಿಗೆ ಕೂಲಿ ನಿಂತಿತು, ಕಿರಾಣಿ ನಿಂತಿತು, ಬಾವಿಯ ದಾರಿ ನಿಂತಿತು. ಆದರೂ ಅದೇ ಕಾಲದಲ್ಲಿ, ಅದೇ ಜನ, ಜಾಥಾದ ಮುಂದೆ ತಮಟೆ ಹಿಡಿದು ಹೋರಾಟದ ಹಾಡು ಹಾಡಿದರು. ಇದರಲ್ಲಿ ವಿರೋಧಾಭಾಸ ಇಲ್ಲ. ಅವರು ಬಿಟ್ಟದ್ದು ಅಪ್ಪಣೆಯನ್ನು, ವಾದ್ಯವನ್ನಲ್ಲ.

ಹೇಳಿ ಕಳಿಸದೆ ಹಾಡಿದವರ ಪರಂಪರೆ ಕೂಡ ನಮ್ಮ ನೆಲದಲ್ಲೇ ಇದೆ. ಕಡಕೋಳ ನಮ್ಮ ಯಡ್ರಾಮಿ ತಾಲೂಕಿನ ಊರು. ಕಡಕೋಳ ಮಡಿವಾಳಪ್ಪ ಯಾವ ಅರಮನೆಯ ಅಪ್ಪಣೆಗೂ ಕಾಯದೆ ತತ್ವಪದ ಕಟ್ಟಿ ಹಾಡಿದವನು. ಚನ್ನೂರ ಜಲಾಲಸಾಬ ಅವನ ಶಿಷ್ಯ. ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಕೂಡುವ ಆ ಭಜನೆಗಳಲ್ಲಿ ಜಾತಿಯ ಗೋಡೆ ಸಡಿಲಾಗುತ್ತಿತ್ತು. ಆದರೆ ಅಲ್ಲಿಯೂ ಹಲಗಿಯ ಜಾಗ ಅಂಗಳದ ಆಚೆಯೇ ಇತ್ತು ಎಂಬುದನ್ನು ಮರೆಯಬಾರದು.

ಈಗ ಬೆಂಗಳೂರಿಗೆ ಬರೋಣ. ಈ ಮೆಟಲ್ ಬೆಂಗಳೂರಿಗೆ ಬಂದದ್ದು ಕೇರಿಯ ದಾರಿಯಿಂದಲ್ಲ. ಇಂಗ್ಲಿಷ್ ಬಲ್ಲ ಪೇಟೆಯ ಹುಡುಗರ ಕ್ಯಾಸೆಟ್ಟಿನ ದಾರಿಯಿಂದ. 1991ರಲ್ಲಿ ‘ಡೈಯಿಂಗ್ ಎಂಬ್ರೇಸ್’ ಎಂಬ ಡೆತ್ ಮೆಟಲ್ ತಂಡ ಹುಟ್ಟಿತು. 1998ರಲ್ಲಿ ಕ್ರಿಪ್ಟೋಸ್ ಹುಟ್ಟಿತು. ಮೊದಲ ಆಲ್ಬಮ್ ತರಲು ಆರು ವರ್ಷ ಹಿಡಿಯಿತು, ‘ಸ್ಪೈರಲ್ ಅಸೆಂಟ್’ ಬಂದದ್ದು 2004ರಲ್ಲಿ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬಾರಿಸಿತು. 2011ರ ಅಕ್ಟೋಬರ್ 30ರಂದು ಅಲ್ಲಿಯೇ ಮೆಟಾಲಿಕಾ ಬಾರಿಸಿತು. 2013ರಲ್ಲಿ ಕ್ರಿಪ್ಟೋಸ್ ಜರ್ಮನಿಯ ವಾಕೆನ್ ಉತ್ಸವದಲ್ಲಿ ಬಾರಿಸಿತು. ವಾಕೆನ್ ಎಂದರೆ ದೊಡ್ಡ ಪಟ್ಟಣವಲ್ಲ. ಎರಡು ಸಾವಿರ ಜನರ ದನ ಸಾಕುವ ಹಳ್ಳಿ. 1990ರಿಂದ ಅಲ್ಲಿಯ ಹೊಲಗಳಲ್ಲಿ ವರ್ಷಕ್ಕೊಮ್ಮೆ ಮೆಟಲ್ ಜಾತ್ರೆ ಕೂಡುತ್ತದೆ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ.

ಕ್ರಿಪ್ಟೋಸ್ ಬಗ್ಗೆ ಮೆಚ್ಚಬೇಕಾದ ಸಂಗತಿ ಒಂದಿದೆ. ಸಿನಿಮಾ ಇಲ್ಲ, ರೇಡಿಯೋ ಇಲ್ಲ, ಮಂತ್ರಿಗಳ ಕೃಪೆ ಇಲ್ಲ. ತಮ್ಮ ನಾಡಿನ ಬಹುಪಾಲು ಜನ ಕೇಳದ ಸಂಗೀತವನ್ನು 25 ವರ್ಷಕ್ಕೂ ಹೆಚ್ಚು ಕಾಲ ಹಟ ಹಿಡಿದು ಬಾರಿಸಿದ್ದಾರೆ. ಹಾಡುಗಾರ ನೋಲನ್ ಲೂಯಿಸ್ ಮೊದಲ ದಿನದಿಂದ ಇದ್ದಾನೆ, ಜೊತೆಗಾರರು ಬದಲಾಗಿದ್ದಾರೆ. ‘ಡೆಸಿಮೇಟರ್’ ಕೇಳಿದರೆ ಗೊತ್ತಾಗುತ್ತದೆ: ಅವರಿಗೆ ಹೊಸ ಮೋಡಿ ಬೇಕಾಗಿಲ್ಲ. 1980ರ ದಶಕದ ಹದವನ್ನೇ ಹಿಡಿದಿದ್ದಾರೆ. ಎರಡು ಗಿಟಾರು ಒಂದಕ್ಕೊಂದು ಜೊತೆಯಾಗಿ ಹಾಡುತ್ತವೆ, ಡ್ರಮ್ಮು ಬಿಡದೆ ಓಡುತ್ತದೆ, ಒರಟು ಗಂಟಲು ಮೇಲಿಂದ ಕೂಗುತ್ತದೆ. ನೂರಾರು ಪ್ರತಿ ಮುದ್ರಿಸಿ, ಬಸ್ ಸ್ಟ್ಯಾಂಡಿನಲ್ಲಿ ಕೈಯಿಂದ ಕೈಗೆ ಹಂಚಿ, ಸಾಲ ಮಾಡಿ ಮುಂದಿನ ಸಂಚಿಕೆ ತರುವ ಸಣ್ಣ ಪತ್ರಿಕೆಯವರಿಗೆ ಈ ಹಟದ ಬೆಲೆ ತಿಳಿಯುತ್ತದೆ.

ಆದರೆ ಮೆಚ್ಚುಗೆಯಲ್ಲಿ ಕಣ್ಣು ಮುಚ್ಚಬಾರದು. ಅವರ ಪದಗಳು ಇಂಗ್ಲಿಷಿನವು. ಅದರಲ್ಲಿ ಯುದ್ಧ ಇದೆ, ಕಲ್ಪನೆಯ ಲೋಕ ಇದೆ, ಕೇರಿ ಇಲ್ಲ. ಇದು ಅವರ ಮೇಲಿನ ದೂರಲ್ಲ, ನಮ್ಮ ನಾಡಿನ ಸ್ಥಿತಿ. ಬರ್ಮಿಂಗ್‌ಹ್ಯಾಮಿನಲ್ಲಿ ಕೂಲಿಕಾರನ ಕೈಯಿಂದ ಹುಟ್ಟಿದ ಸದ್ದು ಇಲ್ಲಿಗೆ ಬರುವ ಹೊತ್ತಿಗೆ ಓದಿದವರ ಮಕ್ಕಳ ಕೈ ಸೇರಿತ್ತು. ಅವರ ಸಿಟ್ಟಿಗೆ ಗಿಟಾರು ಸಿಕ್ಕಿತು, ವೇದಿಕೆ ಸಿಕ್ಕಿತು. ನಮ್ಮ ಸಿಟ್ಟಿಗೆ ಹಲಗಿ ಇತ್ತು, ಅದನ್ನು ಊರು ಕಟ್ಟಿಹಾಕಿತ್ತು. ಈ ಸಂಗೀತದೊಳಗೆ ಯುರೋಪಿನ ಜನಾಂಗದ್ವೇಷಿಗಳೂ ಹೊಕ್ಕಿದ್ದಾರೆ. ಜೋರಾದ ಸದ್ದೆಲ್ಲ ಬಂಡಾಯವಲ್ಲ ಎಂಬ ಎಚ್ಚರ ನಮಗಿರಲಿ.

ಎರಡನ್ನೂ ಕೂಡಿಸುವ ಕೆಲಸ ನೆರೆಯಲ್ಲಿ ನಡೆದಿದೆ. ಚೆನ್ನೈನಲ್ಲಿ 2018ರ ಜನವರಿಯಲ್ಲಿ ‘ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ವೇದಿಕೆ ಏರಿತು. ಸಿನಿಮಾ ನಿರ್ದೇಶಕ ಪಾ. ರಂಜಿತ್ ಬೆಂಬಲದಿಂದ ಕೂಡಿದ ತಂಡ ಅದು. ಹೆಣದ ಮುಂದಿನ ವಾದ್ಯ ಎಂದು ಹೀಗಳೆದ ಪರೈ ಅಲ್ಲಿ ಗಿಟಾರಿನ ಪಕ್ಕದಲ್ಲಿ ನಿಂತು ಮೀಸಲಾತಿಯ ಬಗ್ಗೆ, ಜಾತಿಯ ಬಗ್ಗೆ ಮಾತಾಡಿತು. ದೆಹಲಿಯ ‘ಬ್ಲಡಿವುಡ್’ ಎಂಬ ಮೆಟಲ್ ತಂಡ ಢೋಲನ್ನು ಹೊತ್ತು ಯುರೋಪು ಸುತ್ತಿದೆ. ನಮ್ಮಲ್ಲಿ ಚಿಕ್ಕಬಳ್ಳಾಪುರ ಕಡೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಒಬ್ಬರಿಗೆ ಪದಕ ಬಂದರೆ ಎಲ್ಲರ ಅವಮಾನ ಹೋಗುವುದಿಲ್ಲ. ಆದರೆ ತಮಟೆ ಒಂದು ವಿದ್ಯೆ ಎಂದು ದೇಶ ಒಪ್ಪಲೇಬೇಕಾಯಿತು.

ಡೆಸಿಮೇಟರ್ ಎಂಬ ಶಬ್ದದ ಅರ್ಥ ಹುಡುಕಿದೆ. ರೋಮಿನ ಸೈನ್ಯದ ಒಂದು ಶಿಕ್ಷೆಯಿಂದ ಬಂದದ್ದಂತೆ. ತಪ್ಪು ಮಾಡಿದ ದಂಡಿನಲ್ಲಿ ಚೀಟಿ ಎತ್ತಿ ಹತ್ತರಲ್ಲಿ ಒಬ್ಬನನ್ನು ಆರಿಸುವುದು. ಉಳಿದ ಒಂಬತ್ತು ಮಂದಿ, ಅವನ ಜೊತೆಗಾರರೇ, ದೊಣ್ಣೆಯಿಂದ ಬಡಿದು ಅವನನ್ನು ಕೊಲ್ಲುವುದು. ಇದನ್ನು ಓದಿದಾಗ ನನಗೆ ನಮ್ಮದೇ ನೆನಪಾಯಿತು. ಡಿಗ್ರಿ ಪಡೆದ ನಾವು ಮೊದಲು ಯಾರನ್ನು ದೂರ ಇಟ್ಟೆವು? ಹಲಗಿ ಬಾರಿಸುವ ನಮ್ಮ ಮುತ್ಯಾಂದಿರನ್ನು. ಕಾಲೇಜಿನ ಗೆಳೆಯರು ಮನೆಗೆ ಬಂದಾಗ ನಾನು ಹಲಗಿಯನ್ನು ಕಣಜದ ಹಿಂದೆ ಅಡಗಿಸಿದ್ದೇನೆ. ದಲಿತರೊಳಗೂ ಹಲಗಿಯವರನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿದ್ದೇವೆ. ಒಡೆಯ ದೊಣ್ಣೆ ನಮ್ಮ ಕೈಗೇ ಕೊಟ್ಟಿದ್ದಾನೆ.

ಈ ಸಲದ ಅಂಬೇಡ್ಕರ್ ಜಯಂತಿಗೆ ನಮ್ಮ ಕೇರಿಯಲ್ಲಿ ಜಗಳ ಆಯಿತು. ಹುಡುಗರು ಡಿ.ಜೆ. ತರೋಣ ಎಂದರು. ನಾನು ಹಲಗಿ ಇರಲಿ ಎಂದೆ. ಹೋರಾಟದಲ್ಲಿ ಹೊಡೆತ ತಿಂದ ಕಾಕಾ ಒಬ್ಬರು ಎದ್ದು ನಿಂತು, ‘ಏನ್ ಮಾತಾಡ್ತಿ ತಮ್ಮಾ? ಆ ಹಲಗಿ ಬಿಡಸಾಕ ನಾವು ಆರ್ ತಿಂಗಳು ಉಪಾಸ ಬಿದ್ದೇವಿ. ನೀ ಓದಿ ಬಂದು ಮತ್ತ ಕೊಳ್ಳಿಗಿ ಕಟ್ತಿಯೇನು?’ ಎಂದರು. ನಾನು ಸುಮ್ಮನಾದೆ. ಅವರ ಮಾತು ಸುಳ್ಳಲ್ಲ. ಉಪವಾಸದ ಲೆಕ್ಕ ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಆಗ ಮೂಲೆಯಲ್ಲಿದ್ದ ಮುತ್ಯಾ ಹೇಳಿದ: ‘ಅವರು ಕರದ್ರ ಹೋಗೂದಿಲ್ಲ, ಅದು ಮುಗೀತು. ಬಾಬಾಸಾಹೇಬರ ಮುಂದ ನನಗ ಬಾರಸಬೇಕನಸ್ಯದ. ಇದಕ್ಕೂ ಯಾರದರೇ ಅಪ್ಪಣಿ ಬೇಕೇನು?’ ಕಾಕಾ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ‘ಹಂಗಾದ್ರ ನೀ ಬಾರಸು ಅಣ್ಣಾ. ಆದ್ರ ಅಗಸಿ ದಾಟಿ ಊರ ನಡುವಿನಿಂದ ಹೋಗಬೇಕು’ ಎಂದರು. ಹಾಗೆಯೇ ಹೋದೆವು. ಡಿ.ಜೆ.ಯೂ ಇತ್ತು. ಅಗಸಿಯ ಹತ್ತಿರ ಹುಡುಗರೇ ಅದನ್ನು ಬಂದ್ ಮಾಡಿದರು.

ಅದಕ್ಕೇ ನಾನು ಕೇಳಿಕೊಳ್ಳುವುದು ಇಷ್ಟು. ಬಿಟ್ಟಿ ಹಲಗಿ ಎಲ್ಲಿಯೇ ಉಳಿದಿರಲಿ, ಅದನ್ನು ನಿಲ್ಲಿಸಬೇಕು. ಕಾನೂನು ನಮ್ಮ ಕಡೆ ಇದೆ, ದೂರು ಬರೆದುಕೊಡುವ ಕೆಲಸ ಓದಿದವರದು. ಬಾರಿಸುವವರು ಕೂಲಿ ಮಾತಾಡಿಕೊಂಡು, ರೊಕ್ಕ ಎಣಿಸಿಕೊಂಡು ಬಾರಿಸಲಿ, ಬೇಡ ಎನಿಸಿದರೆ ಬೇಡ ಎನ್ನಲಿ. ಹಲಗಿ ಒಂದು ಜಾತಿಯ ಕೊರಳಿನಲ್ಲಿಯೇ ಯಾಕಿರಬೇಕು? ಹಳ್ಳಿಯ ಶಾಲೆಯ ಮಾಸ್ತರರು ಎಲ್ಲ ಜಾತಿಯ ಹುಡುಗ ಹುಡುಗಿಯರ ಕೈಗೆ ಅದನ್ನು ಕೊಡಲಿ. ಹಿರಿಯರ ಹೊಡೆತಗಳನ್ನು, ಅವುಗಳ ಹೆಸರುಗಳನ್ನು, ಅವರ ಕಷ್ಟದ ಮಾತುಗಳನ್ನು ವಿದ್ಯಾರ್ಥಿಗಳು ಮೊಬೈಲಿನಲ್ಲಿ ಮುದ್ರಿಸಿ ಇಡಲಿ. ಒಬ್ಬೊಬ್ಬ ಮುತ್ಯಾ ಸತ್ತಾಗಲೂ ನಮ್ಮದೊಂದು ಪುಸ್ತಕ ಮಣ್ಣಿಗೆ ಹೋಗುತ್ತಿದೆ.

ನಾನು ನಮ್ಮ ಮುತ್ಯಾನಿಂದಲೇ ಶುರು ಮಾಡಿದ್ದೇನೆ. ಹನ್ನೊಂದು ಹೊಡೆತ ಬರೆದುಕೊಂಡಿದ್ದೇನೆ. ಇನ್ನೂ ಇವೆಯಂತೆ. ಸುಗ್ಗಿ ಮುಗಿದ ಮೇಲೆ ಹೇಳುತ್ತೇನೆ, ಆಗ ಬಾ ಎಂದಿದ್ದಾನೆ.